ಅರ್ಧ ತೊಳೆದ ಗೋಡೆ

ಊರಿನವರು ಅವನನ್ನು ಫಿರಂಗಿ ಎಂದು ಕರೆಯುತ್ತಿದ್ದರು. ಆ ಹೆಸರಿಗೂ ಅವನ ಮೈಕಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ. ಆಳು ಕಡ್ಡಿಯಷ್ಟು ತೆಳ್ಳಗೆ, ಮಾತು ಅದಕ್ಕಿಂತ ತೆಳ್ಳಗೆ. ಹೆಸರು ಬಂದದ್ದು ಅವನ ಮಷೀನಿನಿಂದ. ಎರಡು ಚಕ್ರದ ಮೇಲೆ ಕೂತು, ನೀರನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸುವ ಆ ಯಂತ್ರ ಶುರುವಾಯಿತೆಂದರೆ ಬೀದಿಯ ಈ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಆ ತುದಿಗೆ ಹೋಗಿ ಮಲಗುತ್ತಿತ್ತು. ಮನೆಗಳ ಹೊರಗೋಡೆ ತೊಳೆಯುವುದು ಅವನ ಕಸುಬು. ಪಾಚಿ, ಹೊಗೆ, ಜೇಡರ ಬಲೆ, ವರ್ಷಗಟ್ಟಲೆ ಕೂತ ಧೂಳು, ಎಲ್ಲವನ್ನೂ ಇಳಿಸಿ ಗೋಡೆಗೆ ಅದರ ಹಳೆಯ ಬಣ್ಣ ಮರಳಿಸುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ವಯಸ್ಸು ಐವತ್ತನಾಲ್ಕು.

ಮದುವೆಯಾಗಿರಲಿಲ್ಲ. ಆಗಬೇಕಾದ ಕಾಲದಲ್ಲಿ ಅಪ್ಪ ತೀರಿಕೊಂಡರು, ಆಮೇಲೆ ಅಮ್ಮ ಹಾಸಿಗೆ ಹಿಡಿದರು, ಅವರೂ ಹೋಗುವಷ್ಟರಲ್ಲಿ ಕೇಳುವವರೇ ಇರಲಿಲ್ಲ. ಉಳಿದವರು ಅವನು ಮತ್ತು ಆರು ವರ್ಷ ಚಿಕ್ಕವಳಾದ ತಂಗಿ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಬಹಳ ವರ್ಷ ಒಟ್ಟಿಗಿದ್ದರು. ತಂಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ಸಂಜೆ ಮನೆಗೆ ಬಂದವಳು ಯಾರಿಗೆ ಯಾವ ಮಾತ್ರೆ ಕೊಟ್ಟೆ, ಯಾರು ಚೀಟಿ ತೋರಿಸದೆ ಜಗಳಕ್ಕೆ ನಿಂತರು ಎಂದು ಶುರು ಮಾಡಿದರೆ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ಅವನು ಹೂಂ ಅನ್ನುತ್ತಿದ್ದ. ಅವಳಿಗೆ ಅಷ್ಟು ಸಾಕಿತ್ತು.

ಹೋದ ವರ್ಷ, ನಲವತ್ತೆಂಟನೆಯ ವಯಸ್ಸಿನಲ್ಲಿ, ಆ ತಂಗಿಗೆ ಮದುವೆಯಾಯಿತು. ಗಂಡ ಗಡಿಯಾರ ರಿಪೇರಿ ಮಾಡುವವರು, ಹೆಂಡತಿಯನ್ನು ಕಳೆದುಕೊಂಡವರು. ಕಣ್ಣಿಗೆ ಹಾಕುವ ಔಷಧಿ ಕೊಳ್ಳಲು ಅಂಗಡಿಗೆ ಬಂದವರು ಆಮೇಲೆ ಕಣ್ಣು ನೆಟ್ಟಗಿದ್ದರೂ ಬರತೊಡಗಿದರು. ಅವರ ಊರು ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಫಿರಂಗಿ ಸಾಕ್ಷಿಯ ಸಹಿ ಹಾಕಿ, ತಂಗಿಯ ಎರಡು ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಏರಿಸಿ ಕಟ್ಟಿ, ಗಂಟು ಸರಿಯಾಗಿದೆಯೇ ಎಂದು ಎರಡೆರಡು ಸಲ ಎಳೆದು ನೋಡಿ, ಮನೆಗೆ ಬಂದ. ನಿಜಕ್ಕೂ ಖುಷಿಯಾಗಿತ್ತು. ಹತ್ತು ವರ್ಷದ ಹಿಂದೆ ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಅದೇ ಸಮಯಕ್ಕೆ ಇವನು ಪಾಚಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದ. ಅಣ್ಣನ ಕಾಲು ಸರಿಹೋಗಲಿ, ಆಮೇಲೆ ನೋಡೋಣ ಅಂದಿದ್ದಳು. ಕಾಲು ಸರಿಹೋಗುವಷ್ಟರಲ್ಲಿ ಸಂಬಂಧ ಬೇರೆ ಕಡೆ ಹೋಗಿತ್ತು. ಆ ಮುಳ್ಳು ಅವನ ಎದೆಯಲ್ಲಿ ಹಾಗೇ ಉಳಿದಿತ್ತು.

ಒಂಟಿತನ ಅವನಿಗೆ ಅರ್ಥವಾದದ್ದು ಒಂದು ಅಂಗಿಯಿಂದ. ಬೆಳಿಗ್ಗೆ ಹಾಕಿಕೊಂಡ ಅಂಗಿ ಒಳಗು ಹೊರಗಾಗಿತ್ತು. ದಿನವಿಡೀ ಕೆಲಸ ಮಾಡಿ, ಅಂಗಡಿಗೆ ಹೋಗಿ, ಬಸ್ಸಿನಲ್ಲಿ ಕೂತು ಮನೆಗೆ ಬಂದು, ಬಿಚ್ಚುವಾಗ ನೋಡಿದ. ಹೊಲಿಗೆಯೆಲ್ಲ ಹೊರಗೆ. ಇಡೀ ದಿನದಲ್ಲಿ ಅದನ್ನು ಹೇಳುವಷ್ಟು ಹತ್ತಿರ ಯಾರೂ ಬಂದಿರಲಿಲ್ಲ.

ಭಾನುವಾರ ಭಾನುವಾರ ತಂಗಿಯ ಫೋನು ಬರುತ್ತಿತ್ತು. "ಹೇಗಿದ್ದೀಯಣ್ಣಾ?" "ಚೆನ್ನಾಗಿದ್ದೀನಿ." ಅಷ್ಟರಲ್ಲಿ ಅವನ ಪಾಲು ಮುಗಿಯುತ್ತಿತ್ತು. ಈಚೆಗೆ ಎರಡು ಭಾನುವಾರ ಫೋನು ಬಂದಿರಲಿಲ್ಲ. ಇವನೂ ಮಾಡಲಿಲ್ಲ. ಹೊಸ ಸಂಸಾರ, ನಡುವೆ ತಲೆ ಹಾಕಬಾರದು ಎಂದು ಸುಮ್ಮನಿದ್ದ.

ಆ ವಾರ ಅವನಿಗೆ ಸಿಕ್ಕಿದ ಕೆಲಸ ಗೋದಾಮುಗಳ ಹಿಂದಿನ ಬೀದಿಯ ಕೊನೆಯ ಮನೆಯದು. ಎರಡು ಅಂತಸ್ತು, ಒಂದು ಕಾಲಕ್ಕೆ ಬಿಳಿ. ಉತ್ತರದ ಗೋಡೆಯ ಎದುರಿಗೆ ಎತ್ತರದ ಮರಗಳ ಸಾಲಿದ್ದು ಬಿಸಿಲು ತಾಗುತ್ತಲೇ ಇರಲಿಲ್ಲ. ಪಾಚಿ ನೆಲದಿಂದ ಮೇಲಿನ ಕಿಟಕಿಯವರೆಗೆ ಹತ್ತಿ ಕೂತಿತ್ತು. ಮನೆಯೊಡತಿ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಮಾಡಿ ನಿವೃತ್ತರಾದವರು, ಬೀದಿಯವರ ಬಾಯಲ್ಲಿ ಟೈಪಿಸ್ಟ್ ಮೇಡಂ. ಕತ್ತರಿಸಿದ ಬಿಳಿಗೂದಲು, ದಾರ ಕಟ್ಟಿದ ಕನ್ನಡಕ, ನಗಲು ಅಪ್ಪಣೆ ಬೇಕೇನೋ ಅನ್ನುವಂಥ ಮುಖ. ಮನೆ ನೋಡಲು ಹೋದ ದಿನ ಅವರ ಕೈಯಲ್ಲೊಂದು ಹಾಳೆಯಿತ್ತು.

"ಒಂದು. ಕಿಟಕಿ ಒಡೆಯುತ್ತಾ?"

"ನೇರ ಗಾಜಿಗೆ ಹಿಡಿದ್ರೆ ಒಡೆಯುತ್ತೆ ಮೇಡಂ. ನಾನು ಹಿಡಿಯಲ್ಲ."

"ಎರಡು. ಬಣ್ಣ ಕಿತ್ತು ಬರುತ್ತಾ?"

"ತೀರಾ ಹತ್ತಿರದಿಂದ ಹೊಡೆದ್ರೆ ಬಣ್ಣ ಏನು, ಗಾರೆನೇ ಎದ್ದು ಬರುತ್ತೆ. ನಾನು ಎರಡಡಿ ಆಚೆ ನಿಲ್ತೀನಿ. ಮೊದಲು ಕಣ್ಣಿಗೆ ಬೀಳದ ಮೂಲೇಲಿ ಒಂದು ಸಲ ಹೊಡೆದು ನೋಡ್ತೀನಿ."

"ಮೂರು. ಏಣಿ ಹತ್ತುತ್ತೀರಾ?"

"ಇಲ್ಲ. ನೀರಿನ ಗನ್ ಹಿಡ್ಕೊಂಡು ಏಣಿ ಹತ್ತಿದವನು ಇಳಿಯೋದು ಬೆನ್ನ ಮೇಲೆ. ಗುಂಡಿ ಒತ್ತಿದ ತಕ್ಷಣ ಅದು ಹಿಂದಕ್ಕೆ ಒದೆಯುತ್ತೆ. ನನ್ನ ಹತ್ರ ಉದ್ದದ ಕೋಲಿದೆ, ನೆಲದಲ್ಲೇ ನಿಂತು ಮಾಡ್ತೀನಿ."

ಮೂರಕ್ಕೂ ಅವರು ಗುರುತು ಹಾಕಿಕೊಂಡರು. "ನಾಳೆ ಎಂಟಕ್ಕೆ ಬನ್ನಿ. ಎಂಟು ಅಂದ್ರೆ ಎಂಟು."

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಅವನು ಗೇಟಿನ ಹೊರಗಿದ್ದ. ಎಂಟಾಗುವವರೆಗೂ ಅವರು ಬಾಗಿಲು ತೆಗೆಯಲಿಲ್ಲ.

ಮೊದಲ ದಿನ ಅರ್ಧ ಹೊತ್ತು ತಯಾರಿಗೇ ಹೋಯಿತು. ಹೊರಗಿನ ದೀಪಗಳ, ಪ್ಲಗ್ಗುಗಳ ಕರೆಂಟು ತೆಗೆಸಿದ. ಅವುಗಳ ಮೇಲೆ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿದ. ಕಿಟಕಿಗಳ ಚಿಲಕ ಒಂದೊಂದನ್ನೂ ತಳ್ಳಿ ನೋಡಿದ. ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆ ತುರುಕಿದ. ಗಿಡಗಳಿಗೆ ಮೊದಲು ಬರೀ ನೀರು ಕುಡಿಸಿ, ಸೋಪಿನ ನೀರು ತಾಗದಂತೆ ಹೊದಿಕೆ ಹಾಕಿದ. ಆಮೇಲೆ ಬೂಟು, ಕೈಗವಸು, ಕಣ್ಣಿಗೆ ಕನ್ನಡಕ, ಕಿವಿಗೆ ಸದ್ದು ತಡೆಯುವ ಬೆಣೆ. ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋದ. ಮೇಲಿನಿಂದ ಹಚ್ಚಿದರೆ ಒಣಗೋಡೆಯ ಮೇಲೆ ಸೋರಿ ಗೆರೆ ಬೀಳುತ್ತದೆ. ಹತ್ತು ನಿಮಿಷ ನೆನೆಯಲು ಬಿಟ್ಟು, ಮೇಲಿನಿಂದ ಕೆಳಕ್ಕೆ ತೊಳೆದ. ಕೊಳೆ ಕಂದು ಬಣ್ಣದ ನೀರಾಗಿ ಇಳಿದು ಚರಂಡಿ ಸೇರಿತು.

ಕಿವಿಗೆ ಬೆಣೆ ಹಾಕಿಕೊಂಡವನ ಲೋಕವೇ ಬೇರೆ. ಹೊರಗಿನ ಗಲಾಟೆಯೆಲ್ಲ ದೂರದ ಗುಂಯ್ ಆಗುತ್ತದೆ. ಯಾರೂ ಮಾತಾಡಿಸುವುದಿಲ್ಲ. ಏನಾದರೂ ಬೇಕಿದ್ದರೆ ದೂರದಿಂದ ಕೈ ಬೀಸುತ್ತಾರೆ. ಇಪ್ಪತ್ತೆರಡು ವರ್ಷ ಅದು ಅವನಿಗೆ ಹಿತವಾಗಿಯೇ ಇತ್ತು. ಸಂಜೆ ಮನೆಯಲ್ಲಿ ಮಾತಿನ ಹೊಳೆ ಕಾದಿರುತ್ತಿತ್ತಲ್ಲ.

ಒಂದು ಸಂಗತಿ ಮಾತ್ರ ಅವನಿಗೆ ಕಿರಿಕಿರಿಯಾಯಿತು. ಅವನು ಮುಂಭಾಗದಲ್ಲಿದ್ದರೆ ಮುಂದಿನ ಕಿಟಕಿಯ ಹಿಂದೆ ಟೈಪಿಸ್ಟ್ ಮೇಡಂ. ಪಕ್ಕದ ಗೋಡೆಗೆ ಬಂದರೆ ಪಕ್ಕದ ಕಿಟಕಿಯಲ್ಲಿ. ಅವನು ಮನೆಯನ್ನು ಹೊರಗಿನಿಂದ ಸುತ್ತುತ್ತಿದ್ದರೆ ಅವರು ಒಳಗಿನಿಂದ ಸುತ್ತುತ್ತಿದ್ದರು. 'ಕಳ್ಳನ್ನ ಕಾಯೋ ಹಾಗೆ ಕಾಯ್ತಿದ್ದಾರಲ್ಲ' ಅಂದುಕೊಂಡ. ಮಧ್ಯಾಹ್ನ ಹಿತ್ತಿಲಲ್ಲಿ ಬಕೆಟ್ಟು ಬೋರಲು ಹಾಕಿ ಕೂತು ಬ್ರೆಡ್ಡು ತಿನ್ನುತ್ತಿದ್ದಾಗ ಅಡುಗೆಮನೆಯ ಬಾಗಿಲು ಗೇಣಗಲ ತೆರೆಯಿತು. ಒಂದು ಕೈ ಬಂದು ಮೆಟ್ಟಿಲ ಮೇಲೆ ಚಹಾದ ಲೋಟ ಇಟ್ಟಿತು. ಬಾಗಿಲು ಮುಚ್ಚಿತು. ಒಂದು ಮಾತಿಲ್ಲ.

ಎರಡನೆಯ ದಿನ ಉಳಿದದ್ದು ಉತ್ತರದ ಗೋಡೆ. ಹನ್ನೊಂದರ ಹೊತ್ತಿಗೆ ಅರ್ಧ ಮುಗಿದಿತ್ತು. ಎಡಕ್ಕೆ ಹಾಲಿನಂಥ ಬಿಳಿ, ಬಲಕ್ಕೆ ಸೋಪು ಹಚ್ಚಿದ ಹಸಿರು, ನಡುವೆ ನೆಟ್ಟಗೆ ಗೆರೆ. ನೀರು ಸರಿಯಾಗಿ ಬರುತ್ತಿಲ್ಲ ಅನಿಸಿತು. ಕೋಲಿನ ತುದಿಯ ಮೂತಿಗೆ ಮರಳಿನ ಕಣ ಸಿಕ್ಕಿರಬೇಕು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದನ್ನು ಅವನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ. ಮಷೀನು ನಿಲ್ಲಿಸಬೇಕು, ನಲ್ಲಿ ಕಟ್ಟಬೇಕು, ಗುಂಡಿ ಒತ್ತಿ ಕೊಳವೆಯೊಳಗೆ ಉಳಿದ ಒತ್ತಡ ಬಿಡಬೇಕು, ಗುಂಡಿ ಮತ್ತೆ ಒತ್ತದಂತೆ ಬೀಗದ ಕಡ್ಡಿ ಹಾಕಬೇಕು, ಆಮೇಲೆ ಮೂತಿ ಮುಟ್ಟಬೇಕು.

ಅಷ್ಟರಲ್ಲಿ ಎದೆಯ ಜೇಬಿನಲ್ಲಿ ಫೋನು ನಡುಗಿತು.

ತಂಗಿಯೇ ಇರಬೇಕು. ಹದಿನೇಳು ದಿನವಾಗಿತ್ತು. ಅವನು ಎರಡೂ ಕೈಯ ಗವಸುಗಳನ್ನು ಹಲ್ಲಿನಿಂದ ಕಚ್ಚಿ ಎಳೆದ. ಮಷೀನು ಓಡುತ್ತಲೇ ಇತ್ತು. ಗನ್ನನ್ನು ಬಲಗಂಕುಳಲ್ಲಿ ಅವುಚಿಕೊಂಡು ಬಲಗೈಯಿಂದ ಫೋನು ತೆಗೆಯುತ್ತಾ, ಎಡಗೈ ಖಾಲಿಯಿದೆಯಲ್ಲ ಎಂದು ಗೋಡೆಯ ಕೆಳಭಾಗಕ್ಕೆಂದು ಗಿಡ್ಡ ಮಾಡಿಕೊಂಡಿದ್ದ ಕೋಲಿನ ತುದಿಯನ್ನು ಹತ್ತಿರಕ್ಕೆ ಎಳೆದು ತೋರುಬೆರಳಿನಿಂದ ಮೂತಿಯನ್ನು ಒಮ್ಮೆ ಒರೆಸಿದ. ಕಂಕುಳು ಬಿಗಿಯಾಯಿತು. ಗುಂಡಿ ಒತ್ತಿತು.

ಚಟ್ ಅಂದಿತು, ಅಷ್ಟೇ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ.

ಒಂದು ಕಿವಿಯ ಬೆಣೆ ಕಿತ್ತು ಫೋನು ಇಟ್ಟುಕೊಂಡ. ಅತ್ತ ಕಡೆಯಿಂದ ಅಚ್ಚುಕಟ್ಟಾದ ಹೆಣ್ಣುದನಿ, "ನಮಸ್ಕಾರ, ಹೊಸ ಮನೆ ಕೊಳ್ಳುವ ಯೋಚನೆಯಲ್ಲಿದ್ದೀರಾ? ಹೌದಾದರೆ ಒಂದನ್ನು ಒತ್ತಿ..." ಎಂದಿತು. ಯಾರೂ ಮಾತಾಡುತ್ತಿರಲಿಲ್ಲ, ಮುದ್ರಿಸಿಟ್ಟ ದನಿ. ಆದರೂ ಅವನು ಒಂದೆರಡು ಕ್ಷಣ ಕೇಳಿಸಿಕೊಂಡ.

ಮಷೀನು ನಿಲ್ಲಿಸಿ ಬೆರಳು ನೋಡಿದ. ಬುಡದ ಗೆಣ್ಣಿನ ಹತ್ತಿರ ಸೂಜಿಮೊನೆಯಷ್ಟು ಚುಕ್ಕೆ. ರಕ್ತವೂ ಸರಿಯಾಗಿ ಬಂದಿರಲಿಲ್ಲ. ನೋವೂ ಅಷ್ಟಾಗಿ ಇಲ್ಲ. ಬಟ್ಟೆ ಸುತ್ತಿ ಗವಸು ಹಾಕಿಕೊಂಡರಾಯಿತು ಎಂದು ಅತ್ತಿತ್ತ ಬಟ್ಟೆ ಹುಡುಕುತ್ತಿದ್ದಾಗ ಹಿತ್ತಿಲ ಬಾಗಿಲು ಈ ಸಲ ಪೂರ್ತಿ ತೆರೆಯಿತು.

"ಯಾಕೆ ನಿಲ್ಸಿದ್ರಿ?"

"ಏನಿಲ್ಲ ಮೇಡಂ, ಬೆರಳಿಗೆ ಸ್ವಲ್ಪ ನೀರು ಬಡೀತು."

"ಬಡೀತಾ, ಒಳಗೆ ಹೋಯ್ತಾ?"

ವಿಚಿತ್ರ ಪ್ರಶ್ನೆ. ಅವನು ಕೈ ಮುಂದೆ ಮಾಡಿದ. ಅವರು ದಾರದ ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಮುಖದ ಬಣ್ಣ ಇಳಿಯಿತು.

"ಆಸ್ಪತ್ರೆಗೆ ಹೋಗ್ಬೇಕು. ಈಗಲೇ."

"ಅಯ್ಯೋ, ಇಷ್ಟಕ್ಕಾ? ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತು. ಸಂಜೆ ಹೋಗಿ ತೋರಿಸ್ತೀನಿ ಬಿಡಿ. ಸೋಪು ಒಣಗಿಬಿಟ್ರೆ ಗೋಡೆ ಕಲೆ ಬೀಳುತ್ತೆ."

"ಇಲ್ಲಿ ಕೇಳಿ," ಅಂದರು ಮೇಡಂ. ದನಿ ಏರಿರಲಿಲ್ಲ. "ಹದಿನೈದು ವರ್ಷದ ಹಿಂದೆ ಒಂದು ಪರಿಹಾರದ ಕೇಸು ಬಂದಿತ್ತು. ಇಂಥದ್ದೇ ಮಷೀನಲ್ಲಿ ಹಡಗು ತೊಳೆಯೋನು. ಅವನಿಗೂ ಇಷ್ಟೇ ತೂತು. ಮೇಸ್ತ್ರಿ ಪಟ್ಟಿ ಸುತ್ಕೊಂಡು ಕೆಲಸ ಮಾಡು ಅಂದ. ಅವನು ಮಾಡಿದ. ಮಾರನೇ ದಿನಕ್ಕೆ ಕೈ ಕಪ್ಪಾಗಿತ್ತು. ಡಾಕ್ಟರ ಸಾಕ್ಷಿ ಹನ್ನೆರಡು ಪುಟ, ನಾನೇ ಟೈಪ್ ಮಾಡಿದ್ದು. ಗಾಯದ ಬಾಯಿ ಚಿಕ್ಕದಿರುತ್ತೆ, ನೀರು ಕೊಳೆ ಎಲ್ಲಾ ಒಳಗೆ ಮೊಣಕೈವರೆಗೂ ಹೋಗಿರುತ್ತೆ ಅಂದಿದ್ರು. ಮೊದಲ ಆರು ಗಂಟೆ ಮುಖ್ಯ ಅಂದಿದ್ರು."

"ಆಮೇಲೆ ಅವನಿಗೇನಾಯ್ತು?"

"ಮೂರು ಬೆರಳು ಹೋಯ್ತು. ಕೇಸು ಗೆದ್ದ."

ಫಿರಂಗಿ ಬೆರಳು ಮಡಚಲು ನೋಡಿದ. ಮಡಚಲಿಲ್ಲ. ಯಾರದೋ ಬೆರಳು ತನ್ನ ಕೈಗೆ ಅಂಟಿಸಿದ ಹಾಗೆ ಇತ್ತು, ಬೆಳ್ಳಗೆ, ಉಬ್ಬಿ.

ಮೇಡಂ ಟ್ಯಾಕ್ಸಿಗೆ ಫೋನು ಮಾಡಿದರು. ಅದು ಬರಲು ಹದಿನೈದು ನಿಮಿಷ. ಅವನು ಒಂದೇ ಕೈಯಲ್ಲಿ ನಲ್ಲಿ ಕಟ್ಟಿ, ಗುಂಡಿ ಒತ್ತಿ ಒತ್ತಡ ಬಿಟ್ಟು, ಕಡ್ಡಿ ಹಾಕಿದ. ಆದರೂ ಕಣ್ಣು ಗೋಡೆಯ ಕಡೆಗೇ ಹೋಗುತ್ತಿತ್ತು. "ಮೇಡಂ, ಆ ಸೋಪು..."

"ಗೋಡೆ ಎಲ್ಲಿಗೂ ಓಡಿಹೋಗಲ್ಲ ಮಹರಾಯರೇ!" ಅಂದರು. ಅವನ ಮುಖ ನೋಡಿ ಏನನ್ನಿಸಿತೋ, ಗಿಡಕ್ಕೆ ನೀರು ಬಿಡುವ ಪೈಪು ಎಳೆದುಕೊಂಡು ಬಂದು ಮನೆಯೊಳಗಿನ ಚಪ್ಪಲಿಯಲ್ಲೇ ಕೆಸರಿಗೆ ಇಳಿದರು. ಟ್ಯಾಕ್ಸಿ ಬರುವವರೆಗೆ ಕೈಗೆಟುಕಿದಷ್ಟು ಎತ್ತರಕ್ಕೆ ಸೋಪು ತೊಳೆದರು. ಅವನು ಬಕೆಟ್ಟಿನ ಮೇಲೆ ಕೂತು, ಕೈ ಎತ್ತಿ ಹಿಡಿದುಕೊಂಡು, "ಮೇಲಿಂದ ಕೆಳಕ್ಕೆ ಮೇಡಂ, ಮೇಲಿಂದ ಕೆಳಕ್ಕೆ" ಅನ್ನುತ್ತಿದ್ದ.

ಆಸ್ಪತ್ರೆಯ ಕಿಟಕಿಯಲ್ಲಿ ಕೂತ ನರ್ಸು ಬೆರಳನ್ನು ನೋಡಿ, "ಇಷ್ಟೇನಾ? ಕೂತ್ಕೊಳ್ಳಿ, ಪಟ್ಟಿ ಹಾಕಿ ಕಳಿಸ್ತೀವಿ" ಅಂದಳು. ಮೇಡಂ ಮೇಜಿನ ಮೇಲೆ ಎರಡೂ ಕೈ ಊರಿದರು. "ಬರ್ಕೊಳ್ಳಿ. ಹೆಚ್ಚಿನ ಒತ್ತಡದ ನೀರು, ಸೋಪು ಮತ್ತು ಪಾಚಿ ಸೇರಿದ್ದು, ಚರ್ಮದೊಳಗೆ ಹೊಕ್ಕಿದೆ. ಸಮಯ ಹನ್ನೊಂದು ಐದು. ಈಗ ಹನ್ನೊಂದು ಐವತ್ತು. ನಾನು ಹೇಳಿದ್ದನ್ನ ನೀವು ಬರ್ಕೊಂಡ್ರಿ ಅಂತ ಸಹಿ ಹಾಕಿ." ನರ್ಸು ಎದ್ದು ಒಳಗೆ ಹೋದಳು. ಎರಡೇ ನಿಮಿಷದಲ್ಲಿ ಡಾಕ್ಟರು ಬಂದರು. ಬೆರಳು ಒತ್ತಿದರು, ಅಂಗೈ ಒತ್ತಿದರು, ಮಣಿಕಟ್ಟು ಒತ್ತಿದರು. ಮಣಿಕಟ್ಟಿನಲ್ಲಿ ಅವನು ಹಾ ಅಂದ.

"ಒಳ್ಳೇ ಸಮಯಕ್ಕೆ ಬಂದ್ರಿ. ಬಿಚ್ಚಿ ತೊಳೀಬೇಕು," ಅಂದರು ಡಾಕ್ಟರು.

ಜೀವಮಾನವಿಡೀ ತೊಳೆದವನಿಗೆ ತನ್ನನ್ನೇ ತೊಳೆಯುತ್ತಾರೆಂದು ಕೇಳಿ ನಗು ಬರಬೇಕಿತ್ತು. ಬರಲಿಲ್ಲ.

ಆಪರೇಷನ್ನಿಗೆ ಮುಂಚೆ ಒಂದು ಫಾರಂ ತಂದರು. ಮೇಡಂ ಅದನ್ನು ತಾವೇ ತೆಗೆದುಕೊಂಡು ತುಂಬಿದರು. ಹೆಸರು, ವಯಸ್ಸು, ವಿಳಾಸ. "ತುರ್ತಿಗೆ ಯಾರಿಗೆ ತಿಳಿಸಬೇಕು?"

ಅವನು ಫಾರಂನ ಆ ಖಾಲಿ ಗೆರೆ ನೋಡಿದ.

"ಯಾರೂ ಇಲ್ವಾ?"

"ತಂಗಿ ಇದಾಳೆ. ಅವಳಿಗೆ ಹೇಳೋದು ಬೇಡ."

"ಜಗಳಾನಾ?"

"ಇಲ್ಲ ಇಲ್ಲ. ಹೇಳಿದ್ರೆ ಓಡಿ ಬರ್ತಾಳೆ. ಬಂದ್ರೆ ಇಲ್ಲೇ ಉಳಿದುಬಿಡ್ತಾಳೆ. ಒಂದು ಸಲ ನನ್ನಿಂದ ಅವಳ ಜೀವನ ತಪ್ಪಿಹೋಗಿತ್ತು. ಈಗ ಕೂಡಿಬಂದಿದೆ. ಬೇಡ ಮೇಡಂ."

ನರ್ಸು ಆ ಜಾಗ ಖಾಲಿ ಬಿಡುವಂತಿಲ್ಲ ಅಂದಳು. ಮೇಡಂ ಒಂದು ಗಳಿಗೆ ಪೆನ್ನು ತಡೆದು ಹಿಡಿದು, ತಮ್ಮ ಹೆಸರು, ತಮ್ಮ ಫೋನ್ ನಂಬರು ಬರೆದರು. ಸಂಬಂಧ ಎಂಬಲ್ಲಿ 'ಪರಿಚಿತರು' ಎಂದು ಬರೆದರು.

"ಎಷ್ಟು ದಿನದ ಪರಿಚಯ?" ಎಂದು ನರ್ಸು ಸುಮ್ಮನೆ ಕೇಳಿದಳು.

"ಎರಡು ದಿನ," ಅಂದರು ಮೇಡಂ.

ಎಚ್ಚರವಾದಾಗ ಸಂಜೆ ಐದಾಗಿತ್ತು. ಕೈ ದಿಂಬಿನಷ್ಟು ದಪ್ಪದ ಪಟ್ಟಿಯೊಳಗೆ ಎಲ್ಲೋ ಇತ್ತು. ಅದು ನೋಡಲು ಬರುವವರ ಹೊತ್ತು. ಪಕ್ಕದ ಮಂಚದ ಮುದುಕರ ಸುತ್ತ ಸೊಸೆ, ಮಗಳು, ಬೀಗರು, ಮೊಮ್ಮಕ್ಕಳು. ಕುರ್ಚಿ ಸಾಲದೆ ಒಬ್ಬರು ಬಂದು, "ನಿಮ್ಮ ಕುರ್ಚಿ ತಗೊಳ್ಲಾ? ಯಾರಾದ್ರೂ ಬರೋರಿದಾರಾ?" ಎಂದರು.

"ತಗೊಳ್ಳಿ," ಅಂದ.

ಕುರ್ಚಿ ಹೋಯಿತು. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು. ಅವನು ಗೋಡೆಯ ಕಡೆ ತಿರುಗಿಕೊಂಡ. ಆ ಗೋಡೆಗೂ ತೊಳೆಯುವ ಕಾಲ ಬಂದಿತ್ತು. ಕಸುಬು ಹಾಗೆ, ಎಲ್ಲಿ ಮಲಗಿದರೂ ಬಿಡುವುದಿಲ್ಲ.

ಮಾರನೇ ದಿನ ಮತ್ತೊಮ್ಮೆ ಬಿಚ್ಚಿ ತೊಳೆದರು. ಕೈ ಉಳಿಯುತ್ತದೆ, ಬೆರಳೂ ಉಳಿಯುತ್ತದೆ, ಆದರೆ ಮೊದಲಿನ ಹಾಗೆ ಮಡಚುವುದಿಲ್ಲ ಅಂದರು ಡಾಕ್ಟರು. ಅಂದು ಸಂಜೆ ಐದಕ್ಕೆ, ಐದು ಅಂದರೆ ಐದಕ್ಕೆ, ಟೈಪಿಸ್ಟ್ ಮೇಡಂ ಬಂದರು. ಹಿತ್ತಿಲಲ್ಲಿ ಅವನು ಬಿಟ್ಟುಬಂದಿದ್ದ ಚೀಲ ತಂದಿದ್ದರು. ಕುರ್ಚಿ ಕಾಣದೆ, ಪಕ್ಕದ ಮಂಚದ ಬೀಗರ ಮುಂದೆ ಹೋಗಿ ಸುಮ್ಮನೆ ನಿಂತರು. ಅವರಾಗೇ ಎದ್ದು ಕುರ್ಚಿ ಕೊಟ್ಟರು.

"ನಿಮ್ಮ ಮಷೀನು ಚಾವಣಿ ಕೆಳಗೆ ಇಟ್ಟಿದ್ದೀನಿ. ಟಾರ್ಪಾಲು ಹೊದಿಸಿದ್ದೀನಿ. ಪೈಪು ಸುತ್ತೋಕೆ ನಂಗೆ ಬರಲಿಲ್ಲ, ಹೇಗೋ ಸುತ್ತಿದ್ದೀನಿ, ಬಯ್ಕೋಬೇಡಿ."

"ಇಷ್ಟೆಲ್ಲಾ ಯಾಕೆ ತೊಂದ್ರೆ ತಗೊಂಡ್ರಿ."

ಅವರು ಸೆರಗಿನಿಂದ ಕನ್ನಡಕ ಒರೆಸಿದರು. "ನಾನು ಕಿಟಕೀಲಿ ನಿಂತು ನೋಡ್ತಿದ್ದೆ ಅಂತ ನಿಮಗೆ ಬೇಜಾರಾಗಿತ್ತು ಅಲ್ವಾ?"

"ಹಾಗೇನಿಲ್ಲ."

"ಆಗಿತ್ತು, ಮುಖ ನೋಡಿದ್ರೆ ಗೊತ್ತಾಗ್ತಿತ್ತು. ನಾನು ಕಾವಲು ಕಾಯ್ತಿರಲಿಲ್ಲ. ಎರಡು ವರ್ಷದಿಂದ ಮೀಟರ್ ಓದೋನು ಬಿಟ್ರೆ ನಮ್ಮ ಮನೆ ಗೇಟು ದಾಟಿ ಒಬ್ಬರೂ ಬಂದಿಲ್ಲ. ಅಕ್ಕ ಇದ್ದಳು, ಹೋದಳು. ಆಫೀಸಿನೋರು ಮೊದಮೊದಲು ಬರ್ತಿದ್ರು. ಮನೆ ಸುತ್ತ ಒಂದು ಜೀವ ಓಡಾಡ್ತಿದೆ ಅಂತ ನೋಡ್ತಾ ನಿಂತೆ. ಅದಕ್ಕೇ ಮಷೀನಿನ ಶಬ್ದ ನಿಂತ ತಕ್ಷಣ ಎದ್ದು ಬಂದೆ."

ಅವನು ಹೂಂ ಅಂದ. ಅವರಿಗೂ ಅಷ್ಟು ಸಾಕಿತ್ತೇನೋ. ಎದ್ದು ಹೊರಡುವಾಗ ಹೇಳಿದರು, "ತಂಗಿಗೆ ಫೋನ್ ಮಾಡಿ. ಮೂವತ್ತೊಂದು ವರ್ಷ ಸಾಕ್ಷಿಗಳ ಮಾತು ಟೈಪ್ ಮಾಡಿದ್ದೀನಿ. ಸುಳ್ಳು ಹೇಳಿದೋರಿಗಿಂತ ಹೇಳಬೇಕಾದ್ದನ್ನ ನುಂಗಿಕೊಂಡೋರಿಂದಲೇ ಹೆಚ್ಚು ಮನೆ ಹಾಳಾಗಿರೋದು."

ಅವನು ಒಂದು ಗಂಟೆ ಮೀನಮೇಷ ಎಣಿಸಿ, ಕೊನೆಗೆ ಬಲಗೈ ಹೆಬ್ಬೆರಳಿನಿಂದ ನಂಬರು ಒತ್ತಿದ.

"ಅಣ್ಣಾ! ನೀನಾಗಿ ಫೋನ್ ಮಾಡಿದ್ದೀಯಾ? ಏನಾಯ್ತು?" ಅವಳಿಗೆ ಆಗಲೇ ಗೊತ್ತಾಗಿಹೋಗಿತ್ತು. ಅವನು ಹೇಳಿದ. ಅತ್ತಲಿಂದ ಬೈಗುಳ ಶುರುವಾಯಿತು. "ನಿನಗೆ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು? ಊರಿಗೆಲ್ಲಾ ಉಪದೇಶ ಹೇಳ್ತೀಯಾ, ಮೂತಿ ಮುಟ್ಟಬೇಡಿ, ಬೀಗ ಹಾಕಿ ಅಂತ! ಎರಡು ದಿನದಿಂದ ಒಬ್ಬನೇ ಬಿದ್ದಿದ್ದೀಯಾ? ನಾನೇನು ಸತ್ತು ಹೋಗಿದ್ನಾ?" ಬೈಯುತ್ತಾ ಬೈಯುತ್ತಾ ಅಳತೊಡಗಿದಳು. ಎರಡು ಭಾನುವಾರ ಫೋನು ಮಾಡದಿದ್ದುದಕ್ಕೆ ಕಾರಣವೂ ಹೊರಬಿತ್ತು. ಗಂಡನಿಗೆ ಜ್ವರ ಬಂದಿತ್ತು, ಅಣ್ಣನಿಗೆ ಹೇಳಿದರೆ ಗಾಬರಿಯಾಗುತ್ತಾನೆ ಎಂದು ಹೇಳಿರಲಿಲ್ಲ.

ಮಾರನೇ ದಿನ ಮಧ್ಯಾಹ್ನಕ್ಕೆ ಇಬ್ಬರೂ ಬಂದಿಳಿದರು. ತಂಗಿ ಬಂದವಳೇ ಔಷಧಿಯ ಚೀಟಿ ಕಿತ್ತುಕೊಂಡು ಓದಿ, ನರ್ಸಿಗೆ ನಾಲ್ಕು ಪ್ರಶ್ನೆ ಹಾಕಿದಳು. ಅವಳ ಗಂಡ ಒಳಗೆ ಬಂದು, ಮೊದಲು ಗೋಡೆ ಗಡಿಯಾರ ನೋಡಿ, ಆಮೇಲೆ ರೋಗಿಯನ್ನು ನೋಡಿದರು. "ಏಳು ನಿಮಿಷ ಹಿಂದಿದೆ," ಎಂದು ಬೇಸರಪಟ್ಟುಕೊಂಡು, ಕುರ್ಚಿ ಹತ್ತಿ ಗಡಿಯಾರ ಇಳಿಸಿ, ಅಲ್ಲೇ ಕೂತು ಸರಿಮಾಡಿದರು. ಇಡೀ ವಾರ್ಡು ನೋಡಿತು. ಫಿರಂಗಿಗೆ ಆ ಮನುಷ್ಯ ಮೆಚ್ಚುಗೆಯಾದದ್ದು ಅವತ್ತು.

ಬಿಡುಗಡೆಯಾದ ಮೇಲೆ ತಂಗಿ ಗಂಡನ ಜೊತೆ ನಾಲ್ಕು ದಿನ ಉಳಿದಳು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಿಕ್ಕಿ ಜೋಡಿಸಿದಳು. ಎರಡು ಕೋಣೆಯಲ್ಲೂ ಮಾತು ತುಂಬಿತು. ಅವನು ಒಳಗೊಳಗೇ ಹೆದರುತ್ತಿದ್ದ. ಇನ್ನೇನು ನಾನಿಲ್ಲೇ ಇರ್ತೀನಿ ಅನ್ನುತ್ತಾಳೆ, ಆಗ ಏನೆಂದು ಹೇಳಿ ಕಳಿಸಲಿ ಎಂದು ಮನಸ್ಸಿನಲ್ಲೇ ಮಾತು ಹೊಂದಿಸಿಕೊಂಡಿದ್ದ. ಐದನೇ ದಿನ ಬೆಳಿಗ್ಗೆ ಅವಳು ಚೀಲ ತುಂಬುತ್ತಾ ಹೇಳಿದಳು, "ಇವತ್ತು ಹೊರಡ್ತೀವಣ್ಣ. ನಮ್ಮನೆ ಗಿಡಕ್ಕೆ ನೀರು ಹಾಕೋರಿಲ್ಲ, ಒಣಗಿ ಹೋಗಿರುತ್ತೆ."

ನಮ್ಮನೆ ಅಂದಳು. ಅವಳಿಗೆ ಗೊತ್ತೇ ಆಗಲಿಲ್ಲ, ಸಹಜವಾಗಿ ಬಂತು.

ಹೊಂದಿಸಿಟ್ಟ ಮಾತು ಒಂದೂ ಬೇಕಾಗಲಿಲ್ಲ. ಬಸ್ ನಿಲ್ದಾಣದಲ್ಲಿ ಅವನು ಕೈ ಬೀಸಿದ. ಅವಳು ಕಿಟಕಿಯಿಂದ ಅರ್ಧ ಹೊರಗೆ ಬಂದು ಮಾತ್ರೆಯ ಹೊತ್ತು ಕೂಗಿ ಹೇಳಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹತ್ತು ವರ್ಷದ ಮುಳ್ಳು ನಿಜಕ್ಕೂ ಹೋಗಿತ್ತು. ಆದರೆ ಅದು ಇದ್ದ ಜಾಗ ಖಾಲಿ ಖಾಲಿ ಅನಿಸಿತು. ಮನೆಗೆ ನಡೆದುಕೊಂಡೇ ಹೋದ. ಬೇಗ ತಲುಪುವುದು ಬೇಕಿರಲಿಲ್ಲ.

ಏಳು ವಾರ ಕಳೆದ ಮೇಲೆ ಡಾಕ್ಟರು ಕೆಲಸಕ್ಕೆ ಹೋಗಲು ಒಪ್ಪಿದರು. ತೋರುಬೆರಳು ಅರ್ಧಕ್ಕೇ ನಿಂತಿತ್ತು, ಪೂರ್ತಿ ನೆಟ್ಟಗೂ ಇಲ್ಲ, ಪೂರ್ತಿ ಮಡಚುವುದೂ ಇಲ್ಲ. ಮೊದಲು ಹೋದದ್ದು ಗೋದಾಮಿನ ಹಿಂದಿನ ಬೀದಿಗೆ. ಉತ್ತರದ ಗೋಡೆ ಹಾಗೇ ಇತ್ತು. ಅರ್ಧ ಬಿಳಿ, ಅರ್ಧ ಹಸಿರು, ಮೇಡಂ ಕೈಗೆಟುಕಿದಷ್ಟು ಎತ್ತರದವರೆಗೆ ಮಾತ್ರ ಅಲೆ ಅಲೆಯಾದ ಗುರುತು. ಬೀದಿಯವರು ಅದನ್ನು ನೋಡಿ, ಯಾವ ದೇಶದ ಬಾವುಟ ಇದು ಎಂದು ತಮಾಷೆ ಮಾಡುತ್ತಿದ್ದರಂತೆ.

"ಬೇರೆಯವರನ್ನ ಕರೆಸಿ ಮುಗಿಸಬಹುದಿತ್ತಲ್ಲ ಮೇಡಂ."

"ಬಹುದಿತ್ತು," ಅಂದರು ಅವರು.

ಈ ಸಲ ಅವರು ಕಿಟಕಿಯ ಹಿಂದೆ ನಿಲ್ಲಲಿಲ್ಲ. ನೀರು ಹಾರದಷ್ಟು ದೂರದಲ್ಲಿ, ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಅವನು ಅವರಿಗೂ ಒಂದು ಜೊತೆ ಕಿವಿಯ ಬೆಣೆ ಕೊಟ್ಟ. ಗುಂಡಿಯನ್ನು ಈಗ ಬಲಗೈಯಿಂದ ಮಾತ್ರ ಒತ್ತುತ್ತಿದ್ದ, ಎಡಗೈ ಕೋಲನ್ನು ಆನಿಸಿ ಹಿಡಿಯಲಷ್ಟೇ ಆಗುತ್ತಿತ್ತು. ಅರ್ಧ ದಿನದ ಕೆಲಸ ಒಂದು ದಿನ ಹಿಡಿಯಿತು. ಹಸಿರು ಸ್ವಲ್ಪ ಸ್ವಲ್ಪವೇ ಇಳಿದು ಹೋಯಿತು. ಮುಗಿದ ಮೇಲೆ ಅವನು ಮಷೀನು ನಿಲ್ಲಿಸಿದ, ನಲ್ಲಿ ಕಟ್ಟಿದ, ಗನ್ನನ್ನು ಹುಲ್ಲಿನ ಕಡೆ ತಿರುಗಿಸಿ ಗುಂಡಿ ಒತ್ತಿದ. ಪುಸ್ ಎಂದು ಕೊನೆಯ ನೀರು ಬಂತು. ಕಡ್ಡಿ ಹಾಕಿದ.

ಮೇಡಂ ಎದ್ದು ಬಂದು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಇನ್ನೇನೂ ಉಳಿದಿಲ್ಲ ಅಲ್ವಾ?"

"ಇಲ್ಲ ಮೇಡಂ. ಪೂರ್ತಿ ಆಯ್ತು."

"ಕಾಂಪೌಂಡು?"

"ಅದು ಕಲ್ಲು. ತೊಳೆಯೋ ಅವಶ್ಯಕತೆ ಇಲ್ಲ." ಹೇಳಿದ ಮೇಲೆ, ಹೇಳಬಾರದಿತ್ತೇನೋ ಅನಿಸಿತು. ಅವರು ತಲೆಯಾಡಿಸಿದರು. ಚಹಾ ಕೊಟ್ಟರು. ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕುಡಿದರು. ಪಾಚಿ ಮತ್ತೆ ಬರಲು ಎಷ್ಟು ದಿನ ಬೇಕು ಎಂದು ಅವರು ಕೇಳಿದರು. ಮರಗಳ ನೆರಳು ಹೀಗೇ ಇದ್ದರೆ ಎರಡು ವರ್ಷ ಅಂದ. "ಎರಡು ವರ್ಷ," ಎಂದು ಅವರೂ ಅಂದರು. ಅವನು ಮಷೀನು ತಳ್ಳಿಕೊಂಡು ಗೇಟು ದಾಟಿದ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಅವರಿನ್ನೂ ಅಲ್ಲೇ ಕೂತಿದ್ದರು. ಅಷ್ಟು ದೂರದಿಂದ ಗೋಡೆ ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಆ ಭಾನುವಾರ ತಂಗಿಯ ಫೋನು ಬಂತು.

"ಹೇಗಿದ್ದೀಯಣ್ಣಾ?"

ನಾಲಿಗೆಯ ತುದಿಗೆ ಬಂದ 'ಚೆನ್ನಾಗಿದ್ದೀನಿ' ಎಂಬ ಮಾತನ್ನು ಅವನು ಆಡಲಿಲ್ಲ. "ಕೈ ಪರವಾಗಿಲ್ಲ ಕಣೆ. ಮನೆ ಬಿಕೋ ಅನ್ನುತ್ತೆ."

ಬಾಯಿ ಬಿಟ್ಟರೆ ಮುಚ್ಚದ ತಂಗಿ ಸುಮ್ಮನಾದಳು. ಅತ್ತ ಅವಳ ಗಂಡನ ಅಂಗಡಿಯ ಗಡಿಯಾರಗಳು ಟಿಕ್ ಟಿಕ್ ಅನ್ನುವುದು ಕೇಳಿಸಿತು.

"ಗೊತ್ತಣ್ಣಾ," ಅಂದಳು ಕೊನೆಗೆ. "ನೀನು ಹೇಳ್ತಿರಲಿಲ್ಲ, ಅದಕ್ಕೇ ನಾನೂ ಕೇಳ್ತಿರಲಿಲ್ಲ. ಇಲ್ಲಿ ಇವರು ತುಂಬಾ ಒಳ್ಳೆಯೋರು, ಆದ್ರೆ ಕೆಲಸಕ್ಕೆ ಕೂತ್ರೆ ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸ್ಕೊಂಡು ಮೂರು ಗಂಟೆ ತುಟಿ ಬಿಚ್ಚಲ್ಲ. ನಾನು ಹೇಳಿದ್ದಕ್ಕೆ ಹೂಂ ಅನ್ನೋರೂ ಇಲ್ಲ."

"ಹೂಂ," ಅಂದ ಅವನು.

ಅವಳು ನಕ್ಕಳು. ಆಮೇಲೆ ಹೇಳತೊಡಗಿದಳು, ಎದುರು ಮನೆಯವರ ಬೆಕ್ಕು, ಬಾಡಿದ ಗಿಡ, ಹೊಸ ಊರಿನ ಔಷಧಿ ಅಂಗಡಿಯವನ ಅಕ್ಷರ. ಅವನು ಕಿವಿ ಬಿಸಿಯಾಗುವವರೆಗೂ ಕೇಳಿಸಿಕೊಂಡ. ಅವಳು ಫೋನು ಇಟ್ಟ ಮೇಲೆ ಎದ್ದು, ಒಬ್ಬನ ಅಡುಗೆಗೆ ನೀರಿಟ್ಟ.